ಗಾಲಿಗೊಂದು ರೇನ್‌ಕೋಟು

ಮೈಸೂರಿಗೆ ಬಂದ ಎರಡನೆಯ ಬೇಸಿಗೆಯ ಒಂದು ಮಧ್ಯಾಹ್ನ ವರಾಂಡದಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದೆ. ಕಾಂಪೌಂಡ್ ಗೋಡೆಯಾಚೆ ನನ್ನ ಮಗಳು ಸೊಂಟದಿಂದ ಮೇಲಕ್ಕೆ ಕಾಣಿಸಿಕೊಂಡಳು. ನಡೆಯುವವರ ತಲೆ ಹೆಜ್ಜೆಗೊಮ್ಮೆ ಸ್ವಲ್ಪ ಏಳುತ್ತದೆ, ಸ್ವಲ್ಪ ಇಳಿಯುತ್ತದೆ. ಸೈಕಲ್ಲಿನವರ ಭುಜ ಅತ್ತಿತ್ತ ಆಡುತ್ತದೆ. ಇವಳದು ಎರಡೂ ಇಲ್ಲ. ಕೈ ಖಾಲಿ, ಮುಖ ನೇರ. ಸರಳಿನ ಮೇಲೆ ಪರದೆಯ ಬಳೆ ಜಾರುವ ಹಾಗೆ ಗೋಡೆಯ ಈ ತುದಿಯಿಂದ ಆ ತುದಿಗೆ ಸದ್ದಿಲ್ಲದೆ ಸರಿದು ಹೋದಳು. ಮೊರ ನನ್ನ ಮಡಿಲಿನಿಂದ ಜಾರಿ ಅಕ್ಕಿಯೆಲ್ಲ ನೆಲದ ಪಾಲಾಯಿತು.

ಓಡಿಹೋಗಿ ಗೇಟು ತೆಗೆದು ನೋಡಿದರೆ ಅವಳ ಕಾಲ ಕೆಳಗೆ ಒಂದು ಗಾಲಿ. ಒಂದೇ ಒಂದು. ಹಿಡಿಯಲು ಹ್ಯಾಂಡಲಿಲ್ಲ, ಕೂರಲು ಸೀಟಿಲ್ಲ. ದಪ್ಪ ಟೈರಿನ ಎರಡೂ ಬದಿಗೆ ಕಪ್ಪು ಪ್ಲಾಸ್ಟಿಕ್ಕಿನ ಕವಚ, ಕೆಳಗೆ ಪಾದ ಇಡಲು ಎರಡು ರೆಕ್ಕೆ. ಮುಂದಕ್ಕೆ ವಾಲಿದರೆ ಮುಂದೆ ಹೋಗುತ್ತದೆ, ಹಿಂದಕ್ಕೆ ವಾಲಿದರೆ ನಿಲ್ಲುತ್ತದೆ. ಬ್ಯಾಟರಿಯಿಂದ ನಡೆಯುವ ಒಂಟಿಗಾಲಿಯ ಗಾಡಿ ಇದು. ವಿಜಯಪುರದಲ್ಲಿ ಕುಳಿತು ಇದನ್ನು ಓದುವ ನಿಮಗೆ ನಂಬಿಕೆ ಬರಲಿಕ್ಕಿಲ್ಲ. ಕಣ್ಣಾರೆ ಕಂಡ ನನಗೇ ಬಂದಿರಲಿಲ್ಲ.

ನಮ್ಮವರಿಗೆ ಹೂಟಗಳ್ಳಿಯ ಕಾರ್ಖಾನೆಗೆ ವರ್ಗವಾದದ್ದರಿಂದ ನಾವು ಇಲ್ಲಿಗೆ ಬಂದೆವು. ಮಗಳು ಅಂಕಿತಾಳ ಕಾಲೇಜು ಹತ್ತಿರವಾಗಲೆಂದು ಸರಸ್ವತಿಪುರಂನಲ್ಲಿ ಮನೆ ಹಿಡಿದೆವು. ಮೇಲಿನ ಮಹಡಿಯಲ್ಲಿ ಮನೆಯ ಒಡತಿ ಜಯಮ್ಮನವರು, ಕೆಳಗೆ ನಾವು. ಜಯಮ್ಮನವರು ತಿರುಮಕೂಡಲಿನ ಕಡೆಯ ಒಕ್ಕಲು ಮನೆತನದವರು. ಅಂಗಳದಲ್ಲಿ ತೊಂಡೆ ಚಪ್ಪರ ಹಾಕಿ ದಿನಕ್ಕೆರಡು ಸಲ ಅದರ ಕೆಳಗೆ ನಿಂತು ಮಾತಾಡುತ್ತಾರೆ, ಬಳ್ಳಿಯ ಜೊತೆಗೋ ನನ್ನ ಜೊತೆಗೋ ಎಂದು ಕೆಲವೊಮ್ಮೆ ತಿಳಿಯುವುದಿಲ್ಲ.

ಬಂದ ಹೊಸದರಲ್ಲಿ ಅವರು ಒಂದು ಪಾತ್ರೆ ಬಸ್ಸಾರು ತಂದುಕೊಟ್ಟರು. ಸೊಪ್ಪು, ಕಾಳು ಬೇಯಿಸಿ, ಬಸಿದ ನೀರಿಗೆ ಖಾರ ಅರೆದು ಹಾಕಿ ಮಾಡುವ ಸಾರು. ಬೇಯಿಸಿದ ನೀರನ್ನು ಇಷ್ಟು ಗೌರವದಿಂದ ಕಾಣುವ ಊರು ಇದೆಂದು ನನಗೆ ಇಷ್ಟವಾಯಿತು. ಪ್ರತಿಯಾಗಿ ನಾನು ಕಡಕ್ ರೊಟ್ಟಿ ಕೊಟ್ಟೆ. ನಮ್ಮ ಕಡೆ ಜೋಳದ ರೊಟ್ಟಿಯನ್ನು ಹಪ್ಪಳದ ಹಾಗೆ ಒಣಗಿಸಿ ಡಬ್ಬಿಯಲ್ಲಿಟ್ಟರೆ ತಿಂಗಳುಗಟ್ಟಲೆ ಮುರಿದಾಗ ಸದ್ದು ಮಾಡುತ್ತದೆ. ಇಲ್ಲಿ ವಾರದಲ್ಲಿ ಕರವಸ್ತ್ರದ ಹಾಗೆ ಮಡಚಿಕೊಂಡಿತು. ಜಯಮ್ಮನವರು ಅದನ್ನು ಎತ್ತಿ ಹಿಡಿದು, "ಇದ್ಯಾಕೆ ಶೈಲಮ್ಮ, ಕಡಕ್ಕು ಅಂದ್ರಿ, ಇದು ಬಾಗಿ ಕೈ ಮುಗೀತದಲ್ಲ?" ಎಂದರು. ನಕ್ಕೆ. ಒಳಗೆ ಬಂದು ಸ್ವಲ್ಪ ಅತ್ತೆ. ರೊಟ್ಟಿಗಾಗಿ ಅಳುವುದುಂಟೇ ಎಂದು ನೀವು ಕೇಳಬಹುದು. ಊರು ಬಿಟ್ಟವರನ್ನು ಕೇಳಿ ನೋಡಿ.

ನಾನು ಅತ್ತು ಮುಗಿಸಿದೆ. ಅಂಕಿತಾ ಅಳಲೂ ಇಲ್ಲ. ಕಾಲೇಜಿನಲ್ಲಿ ಮೊದಲ ದಿನ ಅವಳು "ಏನ್ರಿ ಸರ್, ಹಿಂಗ ಆಗತೈತೇನ್ರಿ?" ಎಂದು ಕೇಳಿದ್ದನ್ನು ಇಡೀ ತರಗತಿ ತಿಂಗಳು ಕಾಲ ಆಡಿ ತೋರಿಸಿತಂತೆ. ಆಮೇಲೆ ಅವಳು ಪ್ರಶ್ನೆ ಕೇಳುವುದನ್ನೇ ಬಿಟ್ಟಳು. ಮನೆಗೆ ಬಂದರೆ ಕೋಣೆ ಸೇರುತ್ತಿದ್ದಳು. ತಟ್ಟೆಯಲ್ಲಿ ಅನ್ನವನ್ನು ಅಂಚಿಗೆ ಸರಿಸಿ ಸರಿಸಿ ಗೋಡೆ ಕಟ್ಟುತ್ತಿದ್ದಳು. ಹುಡುಗಿ ತಿನ್ನುತ್ತಿಲ್ಲ ಎಂಬುದು ತಟ್ಟೆ ತೊಳೆಯುವವಳಿಗೇ ಮೊದಲು ಗೊತ್ತಾಗುವುದು.

ಅವಳ ಸಹಪಾಠಿ ಕಾವ್ಯಾ ಎಂಬವಳ ಮನೆ ಗೋಕುಲಂನಲ್ಲಿ. ಅಲ್ಲಿ ಯೋಗ ಕಲಿಯಲು ಬಂದು ತಿಂಗಳುಗಟ್ಟಲೆ ಇರುವ ಪರದೇಶದವರು ಬಹಳ. ಕಾವ್ಯಾಳ ಮನೆಯ ಮಹಡಿಯಲ್ಲಿದ್ದ ಒಬ್ಬಾಕೆ ಈ ಗಾಲಿಯನ್ನು ಬೆಂಗಳೂರಿನಲ್ಲಿ ಕೊಂಡಿದ್ದಳಂತೆ. ಊರಿಗೆ ಹೊರಟಾಗ ಅಷ್ಟು ದೊಡ್ಡ ಬ್ಯಾಟರಿಯನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲವೆಂದು ತಿಳಿಯಿತು. ಕಾವ್ಯಾಳಿಗೆ ಅದರ ಮೇಲೆ ನಿಲ್ಲಲು ಹೆದರಿಕೆ. ಕುತೂಹಲಕ್ಕೆ ಹತ್ತಿ ನೋಡಿದ ಅಂಕಿತಾ ಬಿದ್ದಳು, ಮತ್ತೆ ಹತ್ತಿದಳು, ಮತ್ತೆ ಬಿದ್ದಳು. ಆ ಪರದೇಶದಾಕೆ ಅದನ್ನು ಇವಳಿಗೇ ಕೊಟ್ಟು ಹೋದಳು.

ಅಂದಿನಿಂದ ನಮ್ಮ ಮನೆಯ ಸದ್ದು ಬದಲಾಯಿತು. ಹೆಲ್ಮೆಟ್ಟು, ಮೊಣಕಾಲಿಗೆ ಕಾಪು ಕಟ್ಟಿಕೊಂಡು, ದೊಡ್ಡ ರಸ್ತೆ ಬಿಟ್ಟು ಮರಗಳ ಅಡಿಯ ಒಳರಸ್ತೆಗಳಲ್ಲಿ ನಿಧಾನವಾಗಿ ಕಾಲೇಜಿಗೆ ಹೋಗಿ ಬರುತ್ತಿದ್ದಳು. ಬಂದವಳು ಬಚ್ಚಲಲ್ಲಿ ಹಾಡು ಗುನುಗುತ್ತಿದ್ದಳು. ಆಡಿ ತೋರಿಸಿದವರೇ ಈಗ ಗಾಲಿಯ ಸುತ್ತ ನಿಂತು "ನಂಗೊಂದ್ಸಲ ಕೊಡೇ" ಎನ್ನುತ್ತಿದ್ದಾರೆಂದು ಹೇಳಿದಳು. ತಟ್ಟೆಯ ಅಂಚಿನ ಗೋಡೆ ಕಾಣೆಯಾಯಿತು.

ಆಮೇಲೆ ಮಳೆ ಬಂತು.

ನಮ್ಮ ಕಡೆ ಮಳೆ ಎಂದರೆ ನೆಂಟ. ಬರುತ್ತೇನೆಂದು ಹೇಳಿ ಬಾರದೆ ಹೋಗುವ ನೆಂಟ. ಇಲ್ಲಿ ಮನೆಮಗ, ಬೆಳಿಗ್ಗೆ ಬಿಸಿಲು ತೋರಿಸಿ, ಸಂಜೆ ಕಾಲೇಜು, ಕಚೇರಿ ಬಿಡುವ ಹೊತ್ತಿಗೆ ಸರಿಯಾಗಿ ಚಾಮುಂಡಿ ಬೆಟ್ಟದ ಕಡೆಯಿಂದ ಕಪ್ಪಾಗಿ ಬಂದುಬಿಡುತ್ತಾನೆ. ಒಂದು ಸಂಜೆ ಅಂಕಿತಾ ತೊಯ್ದು ತೊಪ್ಪೆಯಾಗಿ, ಗಾಲಿಯನ್ನು ಮಗುವಿನ ಹಾಗೆ ಎದೆಗವಚಿ ಹೊತ್ತುಕೊಂಡು ಬಂದಳು. ಅದು ಗ್ಯಾಸ್ ಸಿಲಿಂಡರಿನಷ್ಟು ಇಲ್ಲದಿದ್ದರೂ ತುಂಬಿದ ಬಿಂದಿಗೆಗಿಂತ ಭಾರ.

ನಮ್ಮವರು ಆಗಷ್ಟೇ ಕಾರ್ಖಾನೆಯಿಂದ ಬಂದಿದ್ದರು. ಟವೆಲ್ ಕೊಟ್ಟು ಕೇಳಿದರು: "ಇದರಾಗ ನೀರು ಹೊಕ್ಕರ ಏನ ಆಗತೈತಿ?"

ಅಂಕಿತಾ ಸುಳ್ಳು ಹೇಳುವವಳಲ್ಲ. "ಒಮ್ಮಿಂದೊಮ್ಮೆಲೆ ಬಂದ್ ಆಗತೈತಿ, ಪಪ್ಪಾ. ಬ್ಯಾಲೆನ್ಸ್ ಮಾಡೂದ ಅದರ ಮೋಟರು. ಅದು ನಿಂತ್ರ ನಾ ಮುಂದ ಬೀಳತೀನಿ."

"ಹಂಗಾದ್ರ ಮಳಿಗಾಲ ಮುಗಿಯೂತನ ಅದು ಅಟ್ಟದ ಮ್ಯಾಲ."

"ಇಲ್ಲಿ ಮಳಿಗಾಲ ಮುಗಿಯೂದು ಯಾವಾಗ ಪಪ್ಪಾ?"

ಅಂದು ರಾತ್ರಿ ತಟ್ಟೆಯ ಅಂಚಿನಲ್ಲಿ ಮತ್ತೆ ಅನ್ನದ ಗೋಡೆ ಎದ್ದಿತು. ಅದನ್ನು ನೋಡಿ ನಾನು, ಗಂಡನ ಮಾತಿಗೆ ಎದುರಾಡಿ ರೂಢಿಯಿಲ್ಲದವಳು, ಕೇಳಿದೆ: "ಒಳಗ ನೀರು ಹೋಗದಂಗ ಮಾಡಿ ತೋರಿಸಿದರ?" ಅವರು ಹೇಳಿದರು: "ಮಾಡ್ರಿ. ಆದರ ಒಮ್ಮಿ ಕೆಟ್ಟರ ಮುಗೀತು. ಮತ್ತ ಕೇಳಬಾರದು."

ಹೀಗೆ ನಾವಿಬ್ಬರೂ ವರಾಂಡದಲ್ಲಿ ಹಳೆಯ ಚಾದರ ಹಾಸಿ ಕುಳಿತೆವು. ಇಂಥ ಗಾಲಿ ಓಡಿಸುವವರ ಗುಂಪೊಂದು ಫೋನಿನಲ್ಲಿದೆ. ಅವರು ಹೇಳಿದ್ದನ್ನು ಅಂಕಿತಾ ಓದುತ್ತಾ ಹೋದಳು. ಕವಚದ ಸ್ಕ್ರೂ ಬಿಚ್ಚಿದರೆ ಒಳಗೆ ಎರಡು ಬದಿಗೆ ಬ್ಯಾಟರಿ, ಮೇಲೆ ಅಂಗೈಯಗಲದ ಹಸಿರು ಹಲಗೆ. ಗಾಲಿಯ ಮೆದುಳು ಅದೇ. ನಾನು ನೀರು ಮೇಲಿನಿಂದ ಬರುತ್ತದೆಂದುಕೊಂಡು, ಗಾಲಿಯನ್ನು ಎತ್ತಲು ನೆತ್ತಿಯಲ್ಲಿರುವ ಹಿಡಿಕೆಯ ಸುತ್ತಲಿನ ಸಂದನ್ನೇ ನೋಡುತ್ತಿದ್ದೆ. ವಿಜಯಪುರದವಳಲ್ಲವೇ, ಬಂದರೆ ಮೇಲಿನಿಂದಲೇ ಬರಬೇಕು. "ಅಲ್ಲ ಮಮ್ಮಿ, ಕೆಳಗಿಂದ ನೋಡು" ಎಂದಳು. ಹೊಂಡದ ನೀರನ್ನು ಟೈರು ತಾನೇ ಎತ್ತಿ ತನ್ನ ಹೊಟ್ಟೆಯೊಳಗೆ ಎರಚಿಕೊಳ್ಳುತ್ತದೆ. ತಂತಿ ಒಳಗೆ ಹೋಗುವ ತೂತು, ಚಾರ್ಜಿನ ಪಿನ್ನು ಚುಚ್ಚುವ ಬಾಯಿ, ಕವಚದ ಎರಡು ಹೋಳು ಸೇರುವ ಗೆರೆ, ಇವೇ ಕಳ್ಳಗಂಡಿಗಳು.

ಬಚ್ಚಲಿನ ಬೇಸಿನ್ನಿಗೆ ಹಚ್ಚುವ ಸಿಲಿಕೋನ್ ಅಂಟನ್ನು ಹಾರ್ಡ್‌ವೇರ್ ಅಂಗಡಿಯಿಂದ ತಂದೆವು. ತಂತಿಯ ತೂತಿನ ಸುತ್ತ ಅದನ್ನು ಬೆರಳಲ್ಲಿ ಒತ್ತುತ್ತಾ ಹೋದೆ, ಕಡುಬಿನ ಅಂಚು ಒತ್ತುವ ಹಾಗೆ. ಚಾರ್ಜಿನ ಬಾಯಿಗೆ ಹಳೆಯ ಸೈಕಲ್ ಟ್ಯೂಬಿನಿಂದ ಮುಚ್ಚಳ ಕತ್ತರಿಸಿದೆವು. ಇನ್ನು ಮೇಲುಹೊದಿಕೆ. ನಮ್ಮವರ ಹರಿದ ನೀಲಿ ರೇನ್‌ಕೋಟನ್ನು ಬಿಚ್ಚಿ ಗಾಲಿಯ ಅಳತೆಗೆ ಕತ್ತರಿಸಿ ಹೊಲಿದೆ.

ನಾನು ಓದಿದ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಹೇಳುತ್ತಿದ್ದ ಮಾತು ಅಲ್ಲಿ ನೆನಪಾಯಿತು: ಸೂಜಿ ಎರಡು ಕೆಲಸ ಮಾಡುತ್ತದೆ, ಕೂಡಿಸುತ್ತದೆ, ತೂತೂ ಮಾಡುತ್ತದೆ. ಆದ್ದರಿಂದ ಅಂಚನ್ನು ಒಳಗೆ ಮಡಚಿ ಎರಡು ಸಾಲು ಹೊಲಿದು, ಪ್ರತಿ ಹೊಲಿಗೆಯ ಮೇಲೂ ಮೇಣದಬತ್ತಿ ಉಜ್ಜಿದೆ. ಈ ವಿದ್ಯೆ ಇಷ್ಟು ವರ್ಷ ದಿಂಬಿನ ಚೀಲಕ್ಕಷ್ಟೇ ಬಂದಿತ್ತು.

ಜಯಮ್ಮನವರು ತೊಂಡೆ ಬಳ್ಳಿ ಬಿಟ್ಟು ಮೆಟ್ಟಿಲ ಮೇಲೆ ಬಂದು ಕುಳಿತರು. "ಅಲ್ಲ ಕಣಮ್ಮ, ಮಗೀಗ್ ಸ್ವೆಟ್ರು ಹೊಲಿಯೋದ್ ನೋಡಿವ್ನಿ, ಚಕ್ರಕ್ಕೆ ಕೋಟ್ ಹೊಲಿಯೋದ್ ಇವತ್ತೇ ನೋಡ್ತಿರೋದು. ಟೋಪೀನೂ ಹಾಕ್ಬುಡಿ, ನೆಗಡಿ ಆದಾತು!"

"ಅಜ್ಜಿ, ನೀವು ಒಂದ್ಸಲ ಹತ್ತಿ" ಎಂದಳು ಅಂಕಿತಾ.

"ಹತ್ತುದ್ರೆ ಸೀದಾ ಮೇಲ್ಕೇ ಹೋಯ್ತೀನಿ, ಬುಡವ್ವ. ಇನ್ನೂ ತೊಂಡೆಕಾಯಿ ಕೀಳದದೆ."

ಎಲ್ಲ ಮುಗಿಯಿತು ಎನ್ನುವಾಗ ನಾನು ಒಂದು ಕೆಲಸ ಮಾಡಿದೆ. ಹಸಿರು ಹಲಗೆಯ ಸುತ್ತ ಕವಚದೊಳಗೆ ಬೂದು ಬಣ್ಣದ ಸ್ಪಂಜಿನ ಪಟ್ಟಿಗಳಿದ್ದವು, ಧೂಳು ಹಿಡಿದಿದ್ದವು. ಮುಚ್ಚಿ ಅಂಟು ಹಾಕಿದ ಮೇಲೆ ಮತ್ತೆ ತೆಗೆಯುವುದಿಲ್ಲವಲ್ಲ, ಧೂಳಿನ ಸಮೇತ ಮುಚ್ಚಲು ಮನಸ್ಸು ಬರಲಿಲ್ಲ. ಪಟ್ಟಿಗಳನ್ನು ತೊಳೆದು, ಹಿಂಡಿ, ವರಾಂಡದ ಬಟ್ಟೆ ತಂತಿಗೆ ಹಾಕಿದೆ. ಕವಚವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಚಹಾ ಕುಡಿದು ಬಂದು ಮುಟ್ಟಿ ನೋಡಿ, ಒಣಗಿದೆ ಎಂದು ಒಳಗಿಟ್ಟು, ಕವಚದ ಗೆರೆಯ ಉದ್ದಕ್ಕೂ ಭದ್ರವಾಗಿ ಅಂಟು ಹಾಕಿ ಮುಚ್ಚಿದೆ. ಹೊರಗೆ ಸಣ್ಣಗೆ ಸೋನೆ ಹಿಡಿದಿತ್ತು. ನಮ್ಮೂರಿನ ಬೇಸಿಗೆಯಲ್ಲಿ ತೊಳೆದ ಡಬ್ಬಿ ಬೋರಲು ಹಾಕಿ ಹಿಂದಿರುಗಿ ನೋಡುವಷ್ಟರಲ್ಲಿ ಒಣಗಿರುತ್ತದೆ. ಆ ಲೆಕ್ಕ ನನ್ನ ಕೈಯಲ್ಲೇ ಕೂತುಬಿಟ್ಟಿದೆ, ಕ್ಯಾಲೆಂಡರು ನೋಡಿ ಬದಲಾಗುವಂಥದ್ದಲ್ಲ.

ಕೆಲವು ದಿನ ಎಲ್ಲ ಚೆನ್ನಾಗಿತ್ತು. ಒಂದು ಬೆಳಿಗ್ಗೆ, ಮಳೆಯೇ ಇಲ್ಲದ ಬೆಳಿಗ್ಗೆ, ಅಂಕಿತಾ ಅಂಗಳದಲ್ಲಿ ಹತ್ತಿ ಗೇಟಿನ ಕಡೆ ಹೊರಟಳು. ಗಾಲಿ ಕಿರ್ ಕಿರ್ ಎಂದು ಕೂಗಿತು. ಮುಂದೆ ಮುಗ್ಗರಿಸಿತು. ಅವಳು ಹಾರಿ ಇಳಿದಳು, ತೊಂಡೆ ಚಪ್ಪರದ ಕಂಬ ಹಿಡಿದು ನಿಂತಳು. ಗಾಲಿ ಪಕ್ಕಕ್ಕೆ ಬಿದ್ದು ಮಿಸುಕಾಡಿ ಸುಮ್ಮನಾಯಿತು. ಬ್ಯಾಟರಿಯ ಅಂಕಿ ತೋರಿಸುವ ಸಣ್ಣ ಗಾಜಿನ ಒಳಗೆ, ಒಳಗಿನಿಂದಲೇ, ಹಬೆ ಕಟ್ಟಿತ್ತು.

ನಮ್ಮವರು ಶೂ ಹಾಕಿಕೊಳ್ಳುತ್ತಿದ್ದರು. ಅರ್ಧ ಕಟ್ಟಿದ ಲೇಸಿನಲ್ಲೇ ಓಡಿಬಂದು ಮಗಳ ಎರಡೂ ಮೊಣಕೈ ತಿರುಗಿಸಿ ನೋಡಿದರು. ಏನೂ ಆಗಿರಲಿಲ್ಲ. ಆಮೇಲೆ ಗಾಲಿಯನ್ನು ಎತ್ತಿ ಅಟ್ಟದ ಮೇಲೆ ಇಟ್ಟರು. ಬೈಯಲಿಲ್ಲ. ಬೈದಿದ್ದರೆ ಅಂಕಿತಾ ಜಗಳವನ್ನಾದರೂ ಆಡುತ್ತಿದ್ದಳು. "ಹೋಗಲಿ ಬಿಡು ಮಮ್ಮಿ, ಬಸ್ಸಿಗೆ ಹೋಗ್ತೀನಿ" ಎಂದು ಚೀಲ ಹೆಗಲಿಗೇರಿಸಿ ಹೋದಳು. ಗೋಡೆಯಾಚೆ ಅವಳ ತಲೆ, ಭುಜವಷ್ಟೇ ಕಾಣುತ್ತಿತ್ತು, ಹೆಜ್ಜೆಗೊಮ್ಮೆ ಎದ್ದು ಇಳಿಯುತ್ತಾ.

ಎಷ್ಟು ಅಂಟು ಬಳಿದಿದ್ದೆ, ನೀರು ಹೊಕ್ಕಿದ್ದು ಎಲ್ಲಿಂದ? ಮಧ್ಯಾಹ್ನ ಊಟಕ್ಕೆ ಕುಳಿತು ರೊಟ್ಟಿ ಡಬ್ಬಿಯ ಬಿಗಿ ಮುಚ್ಚಳ ತೆಗೆದೆ. ಮುಚ್ಚಳದ ಒಳಮೈಯಲ್ಲಿ ಮಂಜು, ಕೆಳಗೆ ಮೆತ್ತಗಾದ ರೊಟ್ಟಿ. ಡಬ್ಬಿಯೊಳಕ್ಕೆ ಯಾರೂ ನೀರು ಹಾಕಿರಲಿಲ್ಲ. ಸರಿಯಾಗಿ ಆರದ ರೊಟ್ಟಿಯನ್ನು, ಸರಿಯಾಗಿ ಒಣಗದ ಡಬ್ಬಿಯಲ್ಲಿ, ನಾನೇ ಇಟ್ಟು ಮುಚ್ಚಿದ್ದೆ. ಕೈಯಲ್ಲಿನ ತುತ್ತು ಹಾಗೇ ನಿಂತಿತು. ಸ್ಪಂಜಿನ ಪಟ್ಟಿ! ನೀರು ಹೊರಗಿನಿಂದ ಬರಲೇ ಇಲ್ಲ. ನಾನು ಒಳಗಿಟ್ಟು ಕಾಪಾಡಿದ್ದೆ.

ಮೆಟ್ಟಿಲು ಹತ್ತಿ ಹೋಗಿ ಜಯಮ್ಮನವರಿಗೆ ಹೇಳಿದೆ. ಅವರು ತಲೆ ಚಚ್ಚಿಕೊಂಡು ನಕ್ಕರು. "ಅಯ್ಯೋ ಶೈಲಮ್ಮ, ನಿಮ್ಮೂರ್ ಬಿಸ್ಲನ್ನ ಇಲ್ಲಿಗೂ ತಂದಿವ್ನಿ ಅನ್ಕೊಂಡ್ರಾ? ಇಲ್ಲಿ ಸಂಡಿಗೇನೆ ಮೂರ್ ಬಿಸ್ಲು ಕೇಳ್ತದೆ. ಮುರುದ್ರೆ ಟಣ್ ಅನ್ಬೇಕು, ಆಗ ಡಬ್ಬಿಗೆ. ಅಲ್ಲೀಗಂಟ ಗಾಳಿ ಆಡ್ಲಿ ಬುಡಿ."

ಸಂಜೆ ನಮ್ಮವರ ಎದುರು ನಿಂತೆ. "ಕೆಟ್ಟದ್ದು ಗಾಲಿ ಅಲ್ಲ, ನನ್ನ ಕೈ" ಎಂದೆ. ರೊಟ್ಟಿಯನ್ನು ಮಡಚಿ ತೋರಿಸಿದೆ. "ಮತ್ತ ಕೇಳಬಾರದು ಅಂದಿದ್ರಿ. ಕೇಳಾಕತ್ತೀನಿ."

ಅವರು ರೊಟ್ಟಿಯನ್ನು ತೆಗೆದುಕೊಂಡು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿ ಬಾಯಿಗೆ ಹಾಕಿಕೊಂಡರು. "ಇದನ್ನ ಎರಡು ವರ್ಷದಿಂದ ಕಡಕ್ ಅಂತ ಹೇಳಿ ತಿನ್ನಸಾಕತ್ತಿ, ನಾ ಏನರ ಅಂದೇನ?" ಎಂದರು. ಒಪ್ಪಿಗೆ ಕೊಡುವ ಅವರ ರೀತಿಯೇ ಹಾಗೆ.

ಬಿಸಿಲಿಗಾಗಿ ಕಾದೆವು. ವಿಜಯಪುರದವಳು ಬಿಸಿಲಿಗೆ ಕಾಯುವ ದಿನ ಬರುತ್ತದೆಂದು ಯಾರಾದರೂ ಅಂದುಕೊಂಡಿದ್ದರೇ? ಕೊನೆಗೆ ಒಂದು ಭಾನುವಾರ ಮೋಡ ಬಿರಿಯಿತು. ಅಂಟು ಕೆರೆದು ತೆಗೆದು, ಕವಚ, ಪಟ್ಟಿಗಳನ್ನು ತಾರಸಿಗೆ ಒಯ್ದೆವು. ಇಲ್ಲಿ ತಾರಸಿ ಎನ್ನುವುದನ್ನು ನಾವು ಮಾಳಿಗೆ ಎನ್ನುತ್ತೇವೆ. ನಮ್ಮಲ್ಲಿ ಅದು ಮಲಗುವ ಜಾಗ, ಇಲ್ಲಿ ಒಣಗಿಸುವ ಜಾಗ. ಜಯಮ್ಮನವರ ಸಂಡಿಗೆಯ ಬಟ್ಟೆಯ ಪಕ್ಕದಲ್ಲೇ ಗಾಲಿಯ ಭಾಗಗಳು ಸಾಲಾಗಿ ಕುಳಿತವು. ಮೆದುಳಿನ ಹಲಗೆಯನ್ನು ಮಾತ್ರ ನೆರಳಿನಲ್ಲಿ ಫ್ಯಾನಿನ ಕೆಳಗಿಟ್ಟೆವು. ಪಟ್ಟಿಗಳನ್ನು ಮೂರು ಬಿಸಿಲು ಬೀಳುವ ತನಕ ಮುಟ್ಟಲಿಲ್ಲ. ಶೂ ಡಬ್ಬಿಗಳಲ್ಲಿ ಬರುವ, ತೇವ ಹೀರುವ ಸಣ್ಣ ಪೊಟ್ಟಣಗಳನ್ನು ಒಳಗಿಟ್ಟು, ನಡುಮಧ್ಯಾಹ್ನ ಮುಚ್ಚಿದೆವು. ಅಂಕಿತಾ ತಳದಲ್ಲಿ ಟೈರಿನ ಎರಚಲು ತಾಗದ ಒಂದು ಮೂಲೆ ಹುಡುಕಿ ಸಣ್ಣ ಕಿಂಡಿ ಬಿಟ್ಟಳು. ಗಾಳಿ ಹೋಗುವ, ಹನಿ ಹೋಗದ ದಟ್ಟ ಬಟ್ಟೆಯ ತುಂಡನ್ನು ನಾನು ಅದಕ್ಕೆ ಅಂಟಿಸಿದೆ.

ಇನ್ನು ಪರೀಕ್ಷೆ. ಗಾಲಿಯನ್ನು ಅಂಗಳದಲ್ಲಿ ಎರಡು ಇಟ್ಟಿಗೆಯ ನಡುವೆ ಎತ್ತಿ ನಿಲ್ಲಿಸಿ, ನೀಲಿ ಕೋಟು ತೊಡಿಸಿದೆವು. ಅಂಕಿತಾ ಹಿಡಿಕೆ ಹಿಡಿದು ಸ್ವಿಚ್ಚು ಒತ್ತಿದಳು. ಟೈರು ಗಿರ್ ಎಂದು ತಿರುಗತೊಡಗಿತು. ನಾನು ಬಿಂದಿಗೆ ಎತ್ತಿ ನೀರು ಸುರಿದೆ. ಟೈರು ಅದನ್ನು ಎತ್ತಿ ಸುತ್ತಲೂ ಚಿಮ್ಮಿಸಿತು. ನನ್ನ ಸೀರೆ, ಅವಳ ಮುಖ, ಜಯಮ್ಮನವರ ತೊಂಡೆ ಎಲ್ಲ ತೊಯ್ದವು.

ಬಾಗಿಲಲ್ಲಿ ನಿಂತಿದ್ದ ನಮ್ಮವರು ಇದ್ದಕ್ಕಿದ್ದಂತೆ ನಗತೊಡಗಿದರು. "ಏನಿದು, ಮೈಸೂರಾಗ ಗುರ್ಜಿ ಆಡಾಕತ್ತೀರೇನು?"

ನಿಮಗೆ ಹೇಳಬೇಕಾಗಿಲ್ಲ, ಇಲ್ಲಿಯವರಿಗೆ ಹೇಳಬೇಕಾಯಿತು. ಮಳೆ ಬಾರದ ವರ್ಷ ನಮ್ಮ ಕಡೆ ಮಕ್ಕಳು ರೊಟ್ಟಿ ಹಂಚಿನ ಮೇಲೆ ಸಗಣಿಯ ಗುರ್ಜಿಯನ್ನು ಕೂರಿಸಿ, ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾರೆ. ಮನೆಯವರು ಕೊಡದಿಂದ ನೀರು ಸುರಿಯುತ್ತಾರೆ. ಹೊತ್ತವರು ಗಿರ್ ಎಂದು ಸುತ್ತಬೇಕು, ನೀರು ಸುತ್ತಲೂ ಚಿಮ್ಮಬೇಕು. ಆಗ ಮಳೆ ಬರುತ್ತದೆ. ನಾನು ಕಾನ್ವೆಂಟಿನ ಯೂನಿಫಾರ್ಮಿನಲ್ಲೇ ಗುರ್ಜಿ ಹೊತ್ತು ಸುತ್ತಿದವಳು. ಆಗ ಸುತ್ತಿದ್ದು ಮಳೆ ಬರಲೆಂದು. ಈಗ ಸುರಿದದ್ದು ಬಂದ ಮಳೆ ಒಳಗೆ ಬಾರದಿರಲೆಂದು.

"ಮಳೆ ಕರೆಯೋದಾ?" ಎಂದರು ಜಯಮ್ಮನವರು, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ. "ಇಲ್ಲಿ ಕರುದ್ರೆ ಹೋಗೋದೇ ಇಲ್ಲ ಕಣ್ರೀ, ಉಷಾರು!"

ನಮ್ಮವರು ನನ್ನ ಕೈಯಿಂದ ಬಿಂದಿಗೆ ತೆಗೆದುಕೊಂಡು ನಲ್ಲಿಯಲ್ಲಿ ಮತ್ತೆ ತುಂಬಿದರು. ಈ ಸಲ ಕೆಳಗಿನಿಂದ, ಹೊಂಡದ ನೀರು ಹಾರುವ ಹಾಗೆ, ಎರಚಿದರು. ಮತ್ತೊಮ್ಮೆ ತುಂಬಿ ಮತ್ತೊಮ್ಮೆ ಎರಚಿದರು. ಬಿಚ್ಚಿ ನೋಡಿದಾಗ ಸ್ಪಂಜು ಟಣ್ ಎನ್ನಲಿಲ್ಲ, ಆದರೆ ಹಪ್ಪಳದಷ್ಟೇ ಒಣಗಿತ್ತು. ಅವರು ಒಳಗೆಲ್ಲ ಬೆರಳಾಡಿಸಿ, ಬೆರಳನ್ನು ತಮ್ಮ ಕೆನ್ನೆಗೆ ಒತ್ತಿ ನೋಡಿಕೊಂಡರು. "ಹೂಂ" ಎಂದರು. "ಜೋರು ಮಳಿ ಬಂದ್ರ ಇಳದು ನಿಲ್ಲಬೇಕು. ರಸ್ತಾದಾಗ ನೀರು ನಿಂತಿದ್ರ ತಳ್ಳಿಕೊಂಡ ಬರಬೇಕು." ಅಂಕಿತಾ ತಲೆಯಾಡಿಸಿದಳು.

ಆಮೇಲಿನ ವಾರದಲ್ಲೇ ಆ ಸಂಜೆ ಬಂತು. ಕಾಲೇಜು ಬಿಡುವ ಹೊತ್ತಿಗೆ ಬೆಟ್ಟದ ಕಡೆ ಕಪ್ಪಾಯಿತು. ಹನಿ ಬಿತ್ತು. ಜೋರಾಯಿತು. ನಾನು ಗೇಟಿನ ಬಳಿ ಕೊಡೆ ಹಿಡಿದು ನಿಂತೆ. ನಮ್ಮ ಅವ್ವ ಹೇಳುತ್ತಿದ್ದಳು: ಮಳೆಯನ್ನು ಬೈಯಬಾರದು, ಅದಕ್ಕೆ ಕಿವಿ ಬಹಳ ಸೂಕ್ಷ್ಮ, ಒಮ್ಮೆ ಮುನಿದರೆ ಊರಿನ ದಾರಿ ಮರೆಯುತ್ತದೆ. ಹಬ್ಬದ ಸೀರೆ ತೊಯ್ದರೂ, ಅಂಗಳದ ಹಪ್ಪಳ ಹಾಳಾದರೂ ನಮ್ಮ ಮನೆಯಲ್ಲಿ ಯಾರೂ ಮಳೆಗೆ ಒಂದು ಮಾತು ಅಂದದ್ದಿಲ್ಲ. ನಾನು ಆ ಗೇಟಿನಲ್ಲಿ ನಿಂತು, ಜೀವನದಲ್ಲಿ ಮೊದಲ ಸಲ, ಬಾಯಿಬಿಟ್ಟು ಬೈದೆ. "ಸಾಕು ಮಾರಾಯಾ, ಬುಡು ಇನ್ನ!"

ಮಳೆ ಸೋನೆಗಿಳಿಯಲು ಎಷ್ಟು ಹೊತ್ತಾಯಿತೋ. ಗೋಡೆಯಾಚೆ ಹಳದಿ ರೇನ್‌ಕೋಟಿನ ಒಂದು ತಲೆ ಕಾಣಿಸಿತು. ಏಳಲಿಲ್ಲ, ಇಳಿಯಲಿಲ್ಲ. ನಿಧಾನವಾಗಿ, ಪರದೆಯ ಬಳೆಯ ಹಾಗೆ, ನನ್ನ ಕಡೆಗೆ ಸರಿದು ಬಂತು. ಹಿಂದೆ ಸ್ಕೂಟರಿನಲ್ಲಿ ಕಾವ್ಯಾ ಮತ್ತೊಬ್ಬ ಹುಡುಗಿಯನ್ನು ಕೂರಿಸಿಕೊಂಡು, "ಆಂಟಿ, ಬಸ್‌ಸ್ಟಾಪಲ್ಲಿ ನಿಂತ್ಕೊಂಡ್ ಬಂದ್ವಿ, ಬೈಬೇಡಿ!" ಎಂದು ಕೂಗಿದಳು.

ಅಂಕಿತಾ ಗೇಟಿನೊಳಗೆ ಇಳಿದು, ಮೊದಲು ಗಾಲಿಯ ಗಾಜು ಒರೆಸಿ ನೋಡಿದಳು. ಹಬೆ ಇರಲಿಲ್ಲ. ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಾ ನನ್ನತ್ತ ತಿರುಗಿ ನಕ್ಕಳು.

"ಬಂದ್ಬುಟ್ಟೆ ಮಮ್ಮಿ!"

ಬಂದೆ ಅಲ್ಲ, ಬಂದನಿ ಅಲ್ಲ. ಮೈಸೂರಿನ ಈ ಮಾತನ್ನು ಅವಳು ಯಾವಾಗ ಕಲಿತಳೋ. ಒಂದು ಕ್ಷಣ ಎದೆಯಲ್ಲಿ ಏನೋ ಸಣ್ಣಗೆ ಮುರಿದ ಹಾಗಾಯಿತು. ಆಮೇಲೆ ನೆನಪಾಯಿತು, ಸ್ವಲ್ಪ ಹೊತ್ತಿನ ಮುಂಚೆ ಮಳೆಗೆ "ಬುಡು" ಎಂದವಳು ನಾನೇ.

ಚಹಾ ಇಡುವಾಗ ವಿಜಯಪುರದಿಂದ ತಮ್ಮನ ಫೋನು. "ಅಕ್ಕಾ, ಅದೇನ ಸಪ್ಪಳ, ಮಳಿಯೇನ?"

"ಹೂಂ, ಮಳಿ."

"ಇಲ್ಲಿ ಒಂದ ಹನಿ ಇಲ್ಲ ನೋಡು. ಮೋಡ ಬರತಾವ, ಮಾರಿ ತೋರಿಸಿ ಹೋಗತಾವ. ಓಣ್ಯಾಗ ಹುಡುಗ್ರು ನಿನ್ನೆ ಗುರ್ಜಿ ಹೊತಗೊಂಡ ಬಂದಿದ್ರು. ಸ್ವಲ್ಪ ಈ ಕಡೆ ಕಳಸು, ಅಕ್ಕಾ."

ಫೋನನ್ನು ಕಿಟಕಿಯಾಚೆ ಹಿಡಿದೆ. ಕಣ್ಣಿಗೆ ನೀರು ಬಂತು. ಅವ್ವ ಇದ್ದಿದ್ದರೆ ನನ್ನ ಬೈಗುಳ ಎಲ್ಲಿಗೆ ಹೋಗಿ ಮುಟ್ಟಿತೆಂದು ಹೇಳುತ್ತಿದ್ದಳು.

ಅಂಕಿತಾ ಹಪ್ಪಳ ಸುಟ್ಟುಕೊಂಡು ತಿನ್ನುತ್ತಿದ್ದಳು. ನೀಲಿ ಕೋಟು ತಂತಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಜಯಮ್ಮನವರ ತೊಂಡೆ ಬಳ್ಳಿ ತೊಯ್ದು ಹೊಳೆಯುತ್ತಿತ್ತು. ಅದಕ್ಕೆ ಈ ನೀರು ಬೇಕು. ಹೋಗು ಎಂದು ಹೇಗೆ ಹೇಳಲಿ, ಇರು ಎಂದು ಹೇಗೆ ಹೇಳಲಿ? ಮೆಟ್ಟಿಲ ಮೇಲೆ ನಿಂತು, ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ನೋಡಿಕೊಂಡು, ಮಳೆಗೆ ನಮ್ಮೂರ ಮಾತಿನಲ್ಲೇ ಹೇಳಿದೆ:

"ತಪ್ಪಾತು, ಮನಸಿಗೆ ಹಚಗೋಬ್ಯಾಡ. ನಾಳೆ ಮಧ್ಯಾಹ್ನ ವಿಜಯಪುರದಾಗ ಚೊಲೋತ್ನಾಗಿ ಸುರದು ಬಾ. ಅಷ್ಟರಾಗ ಹುಡುಗಿ ಮನಿ ಮುಟ್ಟಿರತಾಳ, ಆಮ್ಯಾಲ ಇಲ್ಲಿ ಬರೂವಂತಿ."